35 ಪೈಸೆ ಸೆಸ್ಸು, ಹನ್ನೊಂದು ಕ್ಲಾಸು

ಇಂಟರ್‌ವ್ಯೂಗೆ ಮುಂಚೆ 23 ಡಿಸೈನ್ ಪ್ಯಾಟರ್ನ್‌ಗಳ (ಪ್ರೋಗ್ರಾಂ ಬರೆಯುವಾಗ ಪದೇ ಪದೇ ಎದುರಾಗುವ ಸಮಸ್ಯೆಗಳಿಗೆ ಸಿದ್ಧ ಮಾದರಿಗಳು) ಹೆಸರನ್ನು ಮಗ್ಗಿ ಥರ ಉರು ಹೊಡೆದಿದ್ದೆ. 1994ರಲ್ಲಿ ನಾಲ್ಕು ಜನ ಸೇರಿ ಬರೆದ ಪುಸ್ತಕದ ಲೆಕ್ಕ ಅದು, ಅವರಿಗೆ ‘ಗ್ಯಾಂಗ್ ಆಫ್ ಫೋರ್’ ಅಂತ ಅಡ್ಡಹೆಸರು ಅನ್ನೋದೂ ಬಾಯಿಗೆ ಬರುತ್ತಿತ್ತು. ಅದರಲ್ಲಿ ಸಿಂಗಲ್‌ಟನ್ ಅನ್ನುವುದನ್ನು ಕೇಳಿದರು, ಹೇಳಿದೆ, ಕೆಲಸ ಸಿಕ್ಕಿತು. ಆಮೇಲೆ ಎರಡು ವರ್ಷ ಒಂದನ್ನೂ ಗೊತ್ತಿದ್ದು ಬಳಸಲಿಲ್ಲ.

2020ರ ಆಗಸ್ಟ್. ಕೊರೋನಾ ಅಂತ ಆಫೀಸು ಮುಚ್ಚಿತ್ತು, ನಾನು ಸಾಗರದ ಹತ್ತಿರದ ನಮ್ಮೂರಲ್ಲಿದ್ದೆ. ಮಳೆ ಒಂದು ಗಳಿಗೆ ಬಿಟ್ಟರೆ ಅಡಿಕೆ ತೋಟಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಸಬೇಕು, ಇಲ್ಲದಿದ್ದರೆ ಕೊಳೆ ಬಂದು ಕಾಯೆಲ್ಲ ಉದುರುತ್ತೆ ಅಂತ ಅಪ್ಪ ಆಕಾಶ ನೋಡುತ್ತಾ ಕೂತಿರುತ್ತಿದ್ದರು. ನಾನು ಉಪ್ಪರಿಗೆಯ ಕಿಟಕಿ ಪಕ್ಕ ಸಿಗ್ನಲ್ ನೋಡುತ್ತಾ ಕೂತಿರುತ್ತಿದ್ದೆ. ಮಜಾ ಏನಂದರೆ ನನ್ನ ಕೆಲಸವೂ ಅಡಿಕೆಯದೇ, ಒಂದು ಮಂಡಿಯ ಬಿಲ್ಲಿಂಗ್ ಸಾಫ್ಟ್‌ವೇರ್.

ಖರೀದಿದಾರರ ಬಿಲ್ಲಿನಲ್ಲಿ ಮಾಲಿನ ಬೆಲೆ ಮೇಲೆ ದಲಾಲಿ, ಹಮಾಲಿ, ಎಪಿಎಂಸಿ (ಕೃಷಿ ಮಾರುಕಟ್ಟೆ ಸಮಿತಿ) ಸೆಸ್ಸು ಹೀಗೆ ಒಂದೊಂದೇ ಕೂಡುತ್ತಾ ಹೋಗಬೇಕು. ದಲಾಲಿ, ಸೆಸ್ಸು ನೂರು ರೂಪಾಯಿಗೆ ಇಷ್ಟು ಅಂತ. ಹಮಾಲಿ ಚೀಲಕ್ಕೆ ಇಷ್ಟು ಅಂತ. ತೂಕದ ಮೇಲೆ ಬೀಳುವವು ಇನ್ನೊಂದೆರಡು. ಇದೆಲ್ಲ ಒಂದೇ ಮೆಥಡ್‌ನಲ್ಲಿ, ಅಂದರೆ ಪ್ರೋಗ್ರಾಮಿನ ಒಂದೇ ತುಂಡಿನಲ್ಲಿತ್ತು. ಸುಮಾರು 400 ಸಾಲು, ‘ಹೀಗಿದ್ದರೆ ಹೀಗೆ ಮಾಡು’ ಅನ್ನುವ ಇಫ್ ಒಳಗೆ ಇಫ್, ಅದರೊಳಗೆ ಇನ್ನೊಂದು. ಅರ್ಧಕ್ಕಿಂತ ಜಾಸ್ತಿ ನಾನೇ ಬರೆದದ್ದು.

ಆ ವರ್ಷ ನೂರಕ್ಕೆ ಒಂದೂವರೆ ರೂಪಾಯಿ ಇದ್ದ ಸೆಸ್ಸು ಇಳೀತಾ ಇಳೀತಾ 35 ಪೈಸೆಗೆ ಬಂತು. ನಾನು ಕೋಡಿನಲ್ಲಿದ್ದ ಸಂಖ್ಯೆಯನ್ನು ಸುಮ್ನೆ ತಿದ್ದಿ ಕಳಿಸಿಬಿಟ್ಟೆ. ಮರುದಿನ ಬೆಳಿಗ್ಗೆ ಫೋನು: ಮಾರ್ಚ್ ತಿಂಗಳ ಬಿಲ್ಲಿನ ನಕಲು ತೆಗೆದರೆ ಮೊತ್ತವೇ ಬೇರೆ ಬರ್ತಾ ಇದೆ! ಪ್ರಿಂಟ್ ಕೊಟ್ಟಾಗಲೆಲ್ಲ ಪ್ರೋಗ್ರಾಂ ಹೊಸದಾಗಿ ಲೆಕ್ಕ ಹಾಕುತ್ತಿತ್ತು. (ಬಿಲ್ ಆದಾಗಲೇ ಮೊತ್ತ ಉಳಿಸಿಟ್ಟಿದ್ದರೆ ಈ ಪಂಚಾಯ್ತಿಯೇ ಇರುತ್ತಿರಲಿಲ್ಲ, ಅದನ್ನು ಆಮೇಲೆ ಸರಿ ಮಾಡಿದೆವು. ಆ ಪಾಪ ಮಾತ್ರ ನಾನು ಸೇರುವುದಕ್ಕೂ ಮುಂಚಿನದು.) ಗಡಿಬಿಡಿಯಲ್ಲಿ ತಾರೀಕು ನೋಡುವ ಇನ್ನೊಂದು ಇಫ್ ತುರುಕಿದೆ, ಮುಚ್ಚುವ ಬ್ರಾಕೆಟ್ ಹತ್ತು ಸಾಲು ಕೆಳಗೆ ಹೋಗಿ ಕೂತಿತು, ಹಮಾಲಿ ಲೆಕ್ಕ ಸೆಸ್ಸಿನ ಇಫ್ ಒಳಗೆ ಸಿಕ್ಕಿಹಾಕಿಕೊಂಡಿತು, ಹಳೇ ಬಿಲ್ಲುಗಳಲ್ಲಿ ಹಮಾಲಿಯೇ ಮಾಯ.

ಟೀಮಿನ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. ಹುಬ್ಬಳ್ಳಿ ಕಡೆಯವರು. ಕೋಡು ನೋಡಿ ಬೈತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ‘ಮೊದಲ ಒಂದು ನಲವತ್ತು ಹಳೇ ಬಿಲ್ ತಗೊಂಡು ಟೆಸ್ಟ್ ಬರಿ. ಆಮ್ಯಾಲ ಹೇಳು, ಇದರಾಗ ಬದಲಾಗೋದು ಯಾವುದು, ಹಂಗ ಇರೋದು ಯಾವುದು?’ ಅಂದರು. ಅಷ್ಟರಲ್ಲಿ ಲೈನ್ ಕಟ್ಟಾಯಿತು.

ಹಳೇ ಬಿಲ್ಲಿನ ಮೊತ್ತವೇ ಬರುತ್ತಾ ಅಂತ ನೋಡುವ ಟೆಸ್ಟ್ ಬರೆಯುವುದರಲ್ಲೇ ಮಧ್ಯಾಹ್ನವಾಯಿತು. ಬರೆಯುತ್ತಾ ಬರೆಯುತ್ತಾ ಕಾಣತೊಡಗಿತು: ಬಿಲ್ಲು ಮಾಡುವ ಕ್ರಮ ಹಾಗೇ ಇರುತ್ತೆ, ಬೆಲೆ ಕಟ್ಟು, ಖರ್ಚು ಕೂಡು, ಮೊತ್ತ ಹೇಳು. ಬದಲಾಗುವುದು ಒಂದೊಂದು ಖರ್ಚಿನ ಲೆಕ್ಕ ಮಾತ್ರ. ಅರೆ, ಇದು ಸ್ಟ್ರ್ಯಾಟಜಿ ಪ್ಯಾಟರ್ನ್ ಅಲ್ವಾ! ಉರು ಹೊಡೆದ ವಾಕ್ಯ ನೆನಪಾಗಲಿಲ್ಲ, ಆದರೆ ಸಂಗತಿ ಕಣ್ಣೆದುರೇ ಇತ್ತು. ‘ಖರ್ಚು’ ಅನ್ನುವ ಇಂಟರ್‌ಫೇಸ್ (ಏನು ಕೊಡಬೇಕು ಅಂತ ಮಾತ್ರ ಹೇಳುವ ಕರಾರು), ಅದಕ್ಕೆ ಒಂದೇ ಮೆಥಡ್. ಬಿಲ್ಲಿನ ಬೆಲೆ, ತೂಕ, ಚೀಲ, ತಾರೀಕು ಕೊಟ್ಟರೆ ಅದು ಒಂದು ಮೊತ್ತ ಕೊಡಬೇಕು. ಬಿಲ್ ಮಾಡುವ ಕ್ಲಾಸಿಗೆ (ಡೇಟಾ, ಮೆಥಡ್ ಒಟ್ಟಿಗೆ ಕಟ್ಟಿಟ್ಟ ಕೋಡಿನ ಘಟಕ) ಒಳಗೆ ಯಾವ ಲೆಕ್ಕ ನಡೆಯುತ್ತೆ ಅನ್ನೋದು ಗೊತ್ತೇ ಇರಬೇಕಾಗಿಲ್ಲ, ಪಟ್ಟಿಯಲ್ಲಿರುವ ಖರ್ಚುಗಳನ್ನೆಲ್ಲ ಕರೆದು ಕೂಡಿದರಾಯಿತು.

ಹುರುಪಿನಲ್ಲಿ ರಾತ್ರಿ ಊಟದ ಹೊತ್ತಿಗೆ ಹನ್ನೊಂದು ಕ್ಲಾಸ್ ಬರೆದು ಹಾಕಿದೆ. ಹಳೇ ಸೆಸ್ಸಿಗೊಂದು, ಹೊಸ ಸೆಸ್ಸಿಗೊಂದು, ದಲಾಲಿಗೊಂದು, ಹಮಾಲಿಗೊಂದು, ಹೀಗೆ. ನಲವತ್ತು ಟೆಸ್ಟೂ ಹಸಿರು, ಅಂದರೆ ಪಾಸು. ಅದರ ಮೇಲೆ ಬೇಕಾದ ಪ್ರಿಂಟರಿನ ಕೋಡನ್ನು ಆರಿಸಿಕೊಡುವ ಫ್ಯಾಕ್ಟರಿಯೊಂದನ್ನೂ ಮಾಡಿದೆ. ಯಾಕೆ ಅಂತ ಕೇಳಿದರೆ, ಫ್ಯಾಕ್ಟರಿ ಪ್ಯಾಟರ್ನ್ ಬರುತ್ತಿತ್ತು, ಅದಕ್ಕೆ.

ಆ ಹಿರಿಯರು ನೋಡಿ ನಕ್ಕರು. ‘ರೇಟ್ ಬದಲಾದ್ರ ಹೊಸ ಕ್ಲಾಸ್ ಯಾಕಪ್ಪಾ? ರೇಟು ತಾರೀಕಿನ ಜೋಡಿ ಟೇಬಲ್‌ನಾಗ ಇರ್ಲಿ. ಲೆಕ್ಕ ಹಾಕೋ ರೀತಿ ಬ್ಯಾರೆ ಆದ್ರ ಅಷ್ಟ ಕ್ಲಾಸು.’ ಕೂತು ಎಣಿಸಿದೆ. ನೂರಕ್ಕೆ ಇಷ್ಟು, ಚೀಲಕ್ಕೆ ಇಷ್ಟು, ಕ್ವಿಂಟಲ್‌ಗೆ ಇಷ್ಟು. ಮೂರೇ ರೀತಿ! ಎಂಟು ಕ್ಲಾಸ್ ಅಳಿಸಿದೆ. ಬರೆದಾಗ ಆಗಿದ್ದಕ್ಕಿಂತ ಜಾಸ್ತಿ ಖುಷಿ ಅಳಿಸುವಾಗ ಆಯಿತು, ಸುಳ್ಳಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಕಾಲೇಜಿನಲ್ಲಿ ಜಾವಾ ಲಿಸ್ಟನ್ನು ಸಾರ್ಟ್ ಮಾಡುವಾಗ ಹೋಲಿಸುವ ರೀತಿ ಹೇಳುವ ಕಂಪ್ಯಾರೇಟರ್ ಕೊಡುತ್ತಿದ್ದೆವಲ್ಲ, ಅಂಕದ ಪ್ರಕಾರ ಒಂದು, ಹೆಸರಿನ ಪ್ರಕಾರ ಇನ್ನೊಂದು, ಅದೂ ಇದೇ ಸ್ಟ್ರ್ಯಾಟಜಿ. ಫೈಲ್ ಓದುವಾಗ ಒಂದು ಸ್ಟ್ರೀಮಿನ ಮೇಲೆ ಬಫರ್ಡ್ ಇನ್‌ಪುಟ್ ಸ್ಟ್ರೀಮನ್ನು ಹೊದಿಸುತ್ತಿದ್ದದ್ದು ಡೆಕೊರೇಟರ್, ಇದ್ದದ್ದರ ಮೇಲೆ ಹೊಸ ಗುಣ ಸುತ್ತುವ ಪ್ಯಾಟರ್ನ್. ಇಷ್ಟು ವರ್ಷ ಅವುಗಳ ಜೊತೆಗೇ ಓಡಾಡಿಕೊಂಡಿದ್ದರೂ ಮುಖ ಗುರುತು ಸಿಕ್ಕಿರಲಿಲ್ಲ.

ಬೆಳಿಗ್ಗೆ ಅಪ್ಪನಿಗೆ ಇದನ್ನೆಲ್ಲ ವಿವರಿಸಲು ಹೋದೆ. ಮೈಲುತುತ್ತ, ಸುಣ್ಣ ತೂಗುತ್ತಿದ್ದರು. ಪೂರ್ತಿ ಕೇಳಿ, ‘ಸೆಸ್ಸು ಇಳಿದರೆ ನಮ್ಮ ಅಡಿಕೆ ರೇಟು ಏರುತ್ತಾ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮುಂದೆ ಸೆಸ್ಸು ಮತ್ತೆ ಏರಿತು, ಕೊನೆಗೆ 60 ಪೈಸೆಗೆ ಬಂತು. ಪ್ರತಿ ಸಲ ಟೇಬಲ್‌ಗೆ ಒಂದು ಸಾಲು ಸೇರಿಸಿದೆ, ಎರಡು ನಿಮಿಷದ ಕೆಲಸ. ಪ್ರಿಂಟರ್ ಫ್ಯಾಕ್ಟರಿಯನ್ನು ಆ ಹಿರಿಯರೇ ತೆಗೆಸಿಹಾಕಿದ್ದರು. ಮಂಡಿಯಲ್ಲಿ ಇರುವುದೇ ಎರಡು ಪ್ರಿಂಟರು, ಒಂದು ಡಾಟ್ ಮ್ಯಾಟ್ರಿಕ್ಸ್, ಒಂದು ಲೇಸರ್. ಅಲ್ಲಿ ಈಗಲೂ ಒಂದು ಇಫ್, ಒಂದು ಎಲ್ಸ್ ಇದೆ.