ಹಿಲ್‌ಗ್ರೋವ್‌ನಲ್ಲಿ ಗಾಡಿ ನಿಂತಾಗ

ಶರಣಬಸವೇಶ್ವರರ ಜಾತ್ರೆ ಮುಗಿದು, ಕಲಬುರಗಿಯ ಬಿಸಿಲು 41 ಡಿಗ್ರಿ ಮುಟ್ಟಿದ ವಾರದಲ್ಲಿ ನಾವು ಹನ್ನೊಂದು ಜನ ನೀಲಗಿರಿಗೆ ಹೊರಟೆವು. ಹೆಚ್ಚಿನವರು ನನ್ನಂತೆ ನಿವೃತ್ತ ಮಾಸ್ತರರು ಮತ್ತು ಅವರ ಮನೆಯವರು. ನಮ್ಮ ಗುಂಪಿಗೆ ಕೊನೆಯ ಗಳಿಗೆಯಲ್ಲಿ ಸೇರಿಕೊಂಡವರು ವಾಡಿಯ ಹಿರಿಯರೊಬ್ಬರು. ರೈಲ್ವೆಯಲ್ಲಿ ಎಂಜಿನ್ನಿಗೆ ಬೆಂಕಿ ಉಣಿಸುವ ಫೈರ್‌ಮನ್ ಆಗಿ ಸೇರಿ, ಉಗಿಬಂಡಿಗಳು ಹೋದ ಮೇಲೆ ಡೀಸೆಲ್ ಗಾಡಿಗಳಲ್ಲಿ ದುಡಿದು ನಿವೃತ್ತರಾದವರು. ಅವರನ್ನು ಎಲ್ಲರೂ ವಾಡಿ ಕಾಕಾ ಎಂದೇ ಕರೆದೆವು. ಊಟಿಯ ಹೂದೋಟ, ಕೆರೆ, ದೋಣಿ ಯಾವುದರಲ್ಲೂ ಆಸಕ್ತಿ ಇಲ್ಲವೆಂದು, ಸಾಯುವ ಮುಂಚೆ ಉರಿಯುವ ಎಂಜಿನ್ ಒಂದನ್ನು ಹತ್ತಿರದಿಂದ ನೋಡಬೇಕೆಂದು ಅವರು ಮೊದಲೇ ಹೇಳಿಬಿಟ್ಟಿದ್ದರು.

ಮುಂಬಯಿಯಿಂದ ಕೊಯಮತ್ತೂರಿಗೆ ಹೋಗುವ ಗಾಡಿ ನಮ್ಮ ಊರಿನ ಮೇಲೆಯೇ ಹಾದು ಹೋಗುವುದರಿಂದ ದಾರಿಯಲ್ಲಿ ಗಾಡಿ ಬದಲಿಸುವ ತಾಪತ್ರಯವಿರಲಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇಷ್ಟರಲ್ಲಿ ಪ್ರಯಾಣ ಕಳೆಯಿತು. ವಾಡಿ ಜಂಕ್ಷನ್ ಬಂದಾಗ ಮಾತ್ರ ಕಾಕಾ ಎದ್ದು ಬಾಗಿಲಿಗೆ ಹೋಗಿ, ನಿಜಾಮರ ರೈಲು ಸಿಕಂದರಾಬಾದಿಗೆ ಹೊರಟಿದ್ದು ಇಲ್ಲಿಂದಲೇ, 1874ರಲ್ಲಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಬಂದು ಕುಳಿತರು.

ಎಡವಟ್ಟು ತಿಳಿದದ್ದು ಕೊಯಮತ್ತೂರಿನಿಂದ ಸುಮಾರು 35 ಕಿ.ಮೀ. ದೂರದ, ಊಟಿಯ ಬೆಟ್ಟದ ಗಾಡಿ ಹೊರಡುವ ಮೆಟ್ಟುಪಾಳ್ಯಂನಲ್ಲಿ, ಬೆಳಗಿನ ಆರು ಗಂಟೆಗೆ. ಪ್ರವಾಸ ಏರ್ಪಡಿಸಿದವರು ಹನ್ನೊಂದು ಜನರಿಂದಲೂ ಒಂದೇ ಹಣ ಪಡೆದಿದ್ದರು, ಆದರೆ ಮೆಟ್ಟುಪಾಳ್ಯಂನಿಂದ ಟಿಕೆಟ್ ಇದ್ದದ್ದು ಏಳು ಜನರಿಗೆ ಮಾತ್ರ. ಉಳಿದ ನಾಲ್ವರಿಗೆ ಕೂನೂರಿನಿಂದ ಊಟಿಗೆ ಟಿಕೆಟ್ ತೆಗೆದು, "ಅದೂ ಅದೇ ಗಾಡಿ ಅಲ್ರೀ" ಎಂದು ಸಮಜಾಯಿಷಿ ಕೊಟ್ಟರು. ಗಾಡಿ ಅದೇ ಹೌದು, ಆದರೆ ಕೂನೂರಿನಲ್ಲಿ ಉಗಿ ಎಂಜಿನನ್ನು ಕಳಚಿ ಡೀಸೆಲ್ ಎಂಜಿನ್ ಹಚ್ಚುತ್ತಾರೆ. ಅಲ್ಲಿಂದ ಮುಂದೆ ಉಗಿಬಂಡಿಯ ಹೊಗೆಯೂ ಇಲ್ಲ, ಏರು ಹತ್ತಿಸುವ ಹಲ್ಲಿನ ಹಳಿಯೂ ಇಲ್ಲ. ಆ ನಾಲ್ವರಲ್ಲಿ ನನ್ನ ಹೆಂಡತಿಯೂ ಒಬ್ಬಳು. ನನ್ನ ಸೀಟು ಕೊಡುತ್ತೇನೆಂದು ನಾನು ಹೇಳಿದ್ದು ನಿಜ; ಎರಡನೆಯ ಸಲ ಹೇಳಲಿಲ್ಲ ಎಂಬುದೂ ಅಷ್ಟೇ ನಿಜ ಎಂದು ಅವಳು ಇಂದಿಗೂ ನೆನಪಿಸುತ್ತಾಳೆ. ಆದ್ದರಿಂದ ಯಾರಾದರೂ ಗುಂಪಿನಲ್ಲಿ ಹೋಗುವುದಾದರೆ, ಹಣ ಕೊಡುವ ಮುನ್ನ ಟಿಕೆಟಿನ ಪ್ರತಿಯನ್ನು ಕೈಗೆ ತೆಗೆದುಕೊಂಡು, ಹತ್ತುವ ನಿಲ್ದಾಣದ ಜಾಗದಲ್ಲಿ ಮೆಟ್ಟುಪಾಳ್ಯಂ ಎಂದೇ ಇದೆಯೇ, ತಮ್ಮ ಹೆಸರಿನ ಮುಂದೆ ಸೀಟಿನ ಸಂಖ್ಯೆ ಇದೆಯೇ ಎಂದು ಕಣ್ಣಾರೆ ನೋಡಿಕೊಳ್ಳಬೇಕು.

ಗಾಡಿ 7.10ಕ್ಕೆ ಹೊರಟಿತು. ನಮಗೆ ಸಿಕ್ಕಿದ್ದು ಕೊನೆಯ ಡಬ್ಬಿ. ಬೇರೆ ಗಾಡಿಯಲ್ಲಾದರೆ ಅದು ನಿಕೃಷ್ಟ ಜಾಗ, ಇಲ್ಲಿ ಅದೇ ಉತ್ತಮ. ಏಕೆಂದರೆ ಈ ಮಾರ್ಗದಲ್ಲಿ ಎಂಜಿನ್ ಹಿಂದೆ ನಿಂತು ಡಬ್ಬಿಗಳನ್ನು ಮೇಲಕ್ಕೆ ದಬ್ಬುತ್ತದೆ. ಪ್ರತಿ ಡಬ್ಬಿಯ ಮುಂದಿನ ಕಟ್ಟೆಯ ಮೇಲೆ ಒಬ್ಬ ಬ್ರೇಕ್‌ಮನ್ ನಿಂತಿರುತ್ತಾನೆ. ಡ್ರೈವರನಿಗೆ ಮುಂದಿನ ದಾರಿ ಕಾಣದಿರುವುದರಿಂದ ಎಲ್ಲಕ್ಕಿಂತ ಮುಂದಿನವನು ಬಾವುಟ ತೋರಿಸಿ ಅವನ ಕಣ್ಣಾಗುತ್ತಾನೆ. ಕಲ್ಲಾರ್ ದಾಟಿದ ಮೇಲೆ ಎರಡು ಹಳಿಗಳ ನಡುವೆ ಹಲ್ಲುಗಳಿರುವ ಉಕ್ಕಿನ ಪಟ್ಟಿ ಆರಂಭವಾಗಿ ಕೂನೂರಿನವರೆಗೆ ಸುಮಾರು 20 ಕಿ.ಮೀ. ಸಾಗುತ್ತದೆ. ಹನ್ನೆರಡು ಅಡಿ ಹೋದರೆ ಹೆಚ್ಚುಕಡಿಮೆ ಒಂದಡಿ ಏರುವ ದಾರಿಯಲ್ಲಿ ನುಣುಪು ಚಕ್ರ ಜಾರುವುದರಿಂದ, ಎಂಜಿನ್ನಿನ ಹೊಟ್ಟೆಯ ಕೆಳಗಿನ ಹಲ್ಲುಚಕ್ರ ಈ ಪಟ್ಟಿಯನ್ನು ಹಿಡಿದು ಹತ್ತುತ್ತದೆ. ಅದು ಹಲ್ಲು ಹಿಡಿದ ಗಳಿಗೆಯಲ್ಲಿ ಸದ್ದು ಬದಲಾಯಿತು. ಇನ್ನೂ ಒಂದು ಎಂಜಿನ್ ಜೊತೆಗೂಡಿದಂತೆ ಉಸಿರಿನ ಮೇಲೆ ಉಸಿರು ಕೇಳಿಸತೊಡಗಿದಾಗ ಕಾಕಾ ಕಣ್ಣು ಮುಚ್ಚಿ ಬೆರಳಿನಿಂದ ತೊಡೆಯ ಮೇಲೆ ಲೆಕ್ಕ ಹಾಕಿದರು.

"ನಾಕು ಸಿಲಿಂಡರ್ ಅದಾವ ಮಾಸ್ತರ. ಎರಡು ಗಾಲಿಗಿ, ಎರಡು ಹಲ್ಲಿಗಿ. ಕೆಳಗಿಂದು ಉಂಡು ಬಿಟ್ಟ ಉಗೀನೇ ಮ್ಯಾಲಿಂದು ಮತ್ತ ಉಣ್ಣತದ."

ನೋಡದೆಯೇ ಅಷ್ಟನ್ನು ಹೇಳಿದ್ದು ನನಗೆ ಸೋಜಿಗವೆನಿಸಿತು. ಕಣಿವೆ, ಜಲಪಾತ, ಸುರಂಗ ಬಂದಾಗಲೆಲ್ಲ ಡಬ್ಬಿಯ ತುಂಬ ಏಳುತ್ತಿದ್ದ ಕೂಗು ಇವುಗಳ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. 46 ಕಿ.ಮೀ. ದಾರಿಯಲ್ಲಿ 16 ಸುರಂಗ ಮತ್ತು 250 ಸೇತುವೆಗಳಿವೆ, ಅಷ್ಟು ಸಲವೂ ಕೂಗುವವರು ನಮ್ಮ ಜೊತೆಗಿದ್ದರು.

ಹಿಲ್‌ಗ್ರೋವ್‌ನಲ್ಲಿ ಎಂಜಿನ್ ನೀರು ಕುಡಿಯಲು ನಿಂತಿತು. ಎಲ್ಲರೂ ಚಹಾದ ಅಂಗಡಿಗೆ ಓಡಿದರು, ಅಲ್ಲಿಯ ಕೋತಿಗಳು ನಮ್ಮ ಮಾಸ್ತರರೊಬ್ಬರ ಬಿಸ್ಕತ್ತಿನ ಪೊಟ್ಟಣ ಕಸಿದವು. ಕಾಕಾ ಮಾತ್ರ ಧೋತರದ ಚುಂಗು ಹಿಡಿದುಕೊಂಡು ಎಂಜಿನ್ನಿನ ಕಡೆಗೆ ನಡೆದರು, ನಾನೂ ಹಿಂದೆ ಹೋದೆ. ಹತ್ತಿರ ಹೋದವರೇ ಮೂಗು ಏರಿಸಿ ಮುಖ ಸಪ್ಪಗೆ ಮಾಡಿದರು.

"ಎಣ್ಣಿ ವಾಸನಿ ಬರ್ಲತ್ತದ. ಕಲ್ಲಿದ್ದಲಿ ಎಲ್ಲದ ಮಾಸ್ತರ? ಸಲಿಕೀನೇ ಕಾಣವಲ್ಲದು."

ನಮ್ಮ ಗಾಡಿಯದು ಎಣ್ಣೆ ಉರಿಸುವ ಎಂಜಿನ್. ಈ ಜಾತಿಯಲ್ಲಿ ಮೊದಲಿನವು ಸ್ವಿಟ್ಜರ್ಲೆಂಡಿನ ವಿಂಟರ್‌ತೂರ್‌ನಲ್ಲಿ ತಯಾರಾಗಿ ಕಲ್ಲಿದ್ದಲು ತಿನ್ನುತ್ತಿದ್ದವು. ಈಚೆಗೆ ತಿರುಚ್ಚಿಯ ಗೋಲ್ಡನ್ ರಾಕ್ ಕಾರ್ಖಾನೆಯಲ್ಲಿಯೂ ಈ ಜಾತಿಯ ಎಂಜಿನ್‌ಗಳನ್ನು ಕಟ್ಟಿದ್ದಾರೆ. ಇದನ್ನೆಲ್ಲ ನಾನು ಓದಿಕೊಂಡು ಬಂದಿದ್ದೆ, ಆದರೆ ಆ ಹೊತ್ತಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಕಾಕಾ ಇನ್ನೇನು ತಿರುಗಿ ಬರುತ್ತಾರೆ ಎನ್ನುವಾಗ, ಮೇಲೆ ನಿಂತಿದ್ದ ಎಳೆಯ ಫೈರ್‌ಮನ್ ಅವರನ್ನು ನೋಡಿ ತಮಿಳಿನಲ್ಲಿ ಏನೋ ಕೇಳಿದನು. ಕಾಕಾ ತಮ್ಮ ಎದೆ ಮುಟ್ಟಿಕೊಂಡು, "ಸ್ಟೀಮ್. ಫೈರ್‌ಮನ್. ವಾಡಿ, ಸೊಲ್ಲಾಪುರ" ಎಂದರು.

ಮುಂದಿನ ಸಂಭಾಷಣೆಯನ್ನು ಯಾವ ಭಾಷೆಯದೆಂದು ಹೇಳುವುದು ಕಷ್ಟ. ಒಬ್ಬರಿಗೆ ತಮಿಳು ಬಾರದು, ಇನ್ನೊಬ್ಬನಿಗೆ ಕನ್ನಡ ಬಾರದು, ಹಿಂದಿ ಇಬ್ಬರಿಗೂ ಅಷ್ಟಕ್ಕಷ್ಟೆ. ಆದರೆ ಇಂಜೆಕ್ಟರ್, ಪ್ರೆಷರ್, ಗೇಜ್ ಗ್ಲಾಸ್ ಎಂಬ ಮಾತುಗಳು ಇಬ್ಬರಿಗೂ ತಾಯಿನುಡಿಯಂತೆ ಬರುತ್ತಿದ್ದವು. ಕಾಕಾ ಅಂಗೈಯನ್ನು ಓರೆಯಾಗಿ ಹಿಡಿದು, ಏರಿನಲ್ಲಿ ಬಾಯ್ಲರಿನ ನೀರು ಒಂದು ಕಡೆಗೆ ವಾಲುತ್ತದಲ್ಲ, ಗ್ಲಾಸಿನಲ್ಲಿ ಕಾಣುವ ಮಟ್ಟವನ್ನು ನಂಬುವುದು ಹೇಗೆ ಎಂದು ಕೈಸನ್ನೆಯಲ್ಲೇ ಕೇಳಿದರು. ಹುಡುಗ ನಕ್ಕು, ತನ್ನ ಅಂಗೈಯನ್ನೂ ಅಷ್ಟೇ ಓರೆ ಮಾಡಿ, ಇನ್ನೊಂದು ಕೈಯ ಎರಡು ಬೆರಳಿನಿಂದ ಎಷ್ಟು ಕಳೆಯಬೇಕೆಂದು ತೋರಿಸಿದನು.

"ಅದೇ ನಾ ಅಂದದ್ದು," ಎಂದು ಕಾಕಾ ನನ್ನ ಕಡೆ ತಿರುಗಿದರು. "ಏರಿನ್ಯಾಗ ಗ್ಲಾಸು ಸುಳ್ಳು ಹೇಳತದ."

ಅಷ್ಟರಲ್ಲಿ ಡ್ರೈವರ್ ಬಗ್ಗಿ ನೋಡಿ, ಮೇಲೆ ಬನ್ನಿ ಎಂದು ಕೈ ಮಾಡಿದರು. ಮೆಟ್ಟಿಲು ಮೂರೇ ಇದ್ದವು. ಕಾಕಾ ಹಿಡಿಕೆಯ ಮೇಲೆ ಕೈಯನ್ನೂ ಇಟ್ಟರು; ಮೊಳಕೈಯ ಕೆಳಗೆ ಹಳೆಯ ಸುಟ್ಟ ಕಲೆ ಬಿಸಿಲಿಗೆ ಹೊಳೆಯಿತು. ಆಮೇಲೆ ಕೈ ತೆಗೆದು ತಲೆ ಅಲ್ಲಾಡಿಸಿದರು.

"ಬ್ಯಾಡ್ರಿ. ಧೋತರ ಉಟ್ಟು ಎಂಜಿನ್ ಏರಬಾರದು. ಡ್ಯೂಟಿ ಮ್ಯಾಲ ಇದ್ದವ್ರು ಏರಬೇಕು."

ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಬದಲಿಗೆ ಆ ಹುಡುಗನಿಂದ ಒಂದು ಹಿಡಿ ಕಾಟನ್ ವೇಸ್ಟ್, ಅಂದರೆ ಒರೆಸುವ ಹತ್ತಿನೂಲು, ಕೇಳಿ ಪಡೆದು, ಮಸಿಯಾಗದ ತಮ್ಮ ಕೈಗಳನ್ನು ಬೆರಳಿನ ಸಂದಿಯೂ ಬಿಡದಂತೆ ಒರೆಸಿಕೊಂಡರು. ಸೀಟಿ ಆಯಿತು.

ಕೂನೂರಿನಲ್ಲಿ ಎಂಜಿನ್ ಕಳಚಿ ಹೋಗುವಾಗ ಅವರು ಪ್ಲಾಟ್‌ಫಾರ್ಮಿನ ತುದಿಯವರೆಗೆ ಹೋಗಿ ನಿಂತಿದ್ದರಿಂದ ಗಾಡಿ ತಪ್ಪುವುದರಲ್ಲಿತ್ತು. ಅಲ್ಲಿ ಹತ್ತಿದ ನಾಲ್ವರಲ್ಲಿ ಯಾರೂ ನನ್ನೊಂದಿಗೆ ಮಾತನಾಡಲಿಲ್ಲ. ಊಟಿಯ ಎರಡು ದಿನಗಳಲ್ಲಿ ದುಬಾರಿ ಚಾಕೊಲೇಟು, ದೋಣಿಗಾಗಿ ಉದ್ದನೆಯ ಸಾಲು, ಹೋಟೆಲಿನವರು ನಮಗೆಂದೇ ಮಾಡಿಸಿದ ಸಿಹಿ ಸಾಂಬಾರು ಬಿಟ್ಟರೆ ಹೇಳುವಂಥದ್ದೇನೂ ನಡೆಯಲಿಲ್ಲ. ತಂಪು ಮಾತ್ರ ತಂಪೇ.

ಮರಳುವ ಗಾಡಿಯಲ್ಲಿ ನನ್ನ ಹೆಂಡತಿ ಕಾಕಾರನ್ನು, ಅಂಥದ್ದೇನಿತ್ತು ಆ ಎಂಜಿನ್ನಿನಲ್ಲಿ ಎಂದು ಕೇಳಿದಳು. ಅವರು ಅಂಗಿಯ ಕಿಸೆಯಿಂದ ಆ ಕಾಟನ್ ವೇಸ್ಟ್ ತೆಗೆದು ಅವಳ ಕೈಗಿಟ್ಟು, "ಮೂಸಿ ನೋಡವ್ವ ತಂಗಿ" ಎಂದರು. ಅವಳು ಮೂಸಿ ಮುಖ ಕಿವುಚಿದಳು. ಕಾಕಾ ಅದನ್ನು ಹಿಂದಕ್ಕೆ ಇಸಿದುಕೊಂಡು, ಮಡಚಿ ಮತ್ತೆ ಕಿಸೆಗೆ ಇಟ್ಟುಕೊಂಡರು.