ನಾನೇ ಜಾಕ್

ಮಾರ್ಚ್ 12, 2024, ಮಂಗಳವಾರ
ರೆಡಿಂಗ್

ಶುಕ್ರವಾರ ಮಗಳ ಕಾಲೇಜಿನ ನಾಟಕ. ಆಸ್ಕರ್ ವೈಲ್ಡ್‌ನ 'ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್'. ಇವಳು ಲೇಡಿ ಬ್ರ್ಯಾಕ್ನೆಲ್. (ಬ್ರ್ಯಾಕ್ನೆಲ್ ಅಂದರೆ ನನಗೆ ದಿನಾ ಕೆಲಸಕ್ಕೆ ಹೋಗೋ ಪಕ್ಕದೂರು ಅಷ್ಟೇ ಆಗಿತ್ತು.) ಮಾತು ಒಪ್ಪಿಸೋಕೆ ಎದುರಿಗೆ ಒಬ್ಬರು ಬೇಕು. ಹಾಗಾಗಿ ವಾರದಿಂದ ಅಡುಗೆಮನೆಯಲ್ಲಿ ನಾಟಕದ ನಾಯಕ ಜಾಕ್ ನಾನೇ.

ಮೊದಲ ಅಂಕದಲ್ಲಿ ಲೇಡಿ ಬ್ರ್ಯಾಕ್ನೆಲ್ ತನ್ನ ಮಗಳಿಗೆ ನನ್ನನ್ನು ಗಂಡು ನೋಡುತ್ತಾಳೆ. ಕೈಯಲ್ಲಿ ಪೆನ್ಸಿಲ್, ಪುಸ್ತಕ. ವಯಸ್ಸೆಷ್ಟು, ವರಮಾನವೆಷ್ಟು. ಸಿಗರೇಟು ಸೇದ್ತೀನಿ ಅಂದರೆ ಸಂತೋಷ, ಗಂಡಸಿಗೆ ಏನಾದರೂ ಕಸುಬು ಬೇಕು ಅನ್ನುತ್ತಾಳೆ. ಮನೆ ಬೆಲ್‌ಗ್ರೇವ್ ಸ್ಕ್ವೇರ್ 149 ಅಂದರೆ, ಆ ಕಡೆ ಸಾಲಾ ಅಂತ ಮೂಗು ಮುರೀತಾಳೆ. 1895ರ ಲಂಡನ್ ಅಂತೆ! ನಮ್ಮ ದೊಡ್ಡತ್ತೆ ನನ್ನ ಭಾವನನ್ನು ವಿಚಾರಿಸಿದ್ದೂ ಹೀಗೇ. ಪೆನ್ಸಿಲ್ ಒಂದಿರಲಿಲ್ಲ.

ಆಮೇಲೆ ಅಪ್ಪ ಅಮ್ಮನ ವಿಚಾರ. ಇಬ್ಬರನ್ನೂ ಕಳೆದುಕೊಂಡಿದ್ದೇನೆ ಅಂತ ನಾನು ಓದಬೇಕು. ಒಬ್ಬರನ್ನು ಕಳೆದುಕೊಂಡರೆ ದುರದೃಷ್ಟ ಅನ್ನಬಹುದು, ಇಬ್ಬರನ್ನೂ ಅಂದರೆ ಅಜಾಗ್ರತೆ ಅಂತ ಅವಳು ಹೇಳಬೇಕು. ಜನ ಬಿದ್ದು ಬಿದ್ದು ನಗೋ ಜಾಗ.

ಅವಳು ಅದನ್ನು ಹಾರಿಸಿ ಮುಂದಕ್ಕೆ ಹೋದಳು.

"ಒಂದು ಲೈನ್ ಬಿಟ್ಟೆಯಲ್ಲೇ."

"ಗೊತ್ತು."

"ಮರೆತುಹೋಯ್ತಾ?"

"ಇಲ್ಲಪ್ಪ. ನಿನ್ನ ಮುಂದೆ ಬೇಡ ಅಂತ."

ವಾರದಿಂದಲೂ ಬಿಡುತ್ತಲೇ ಇದ್ದಳಂತೆ. ನನ್ನ ಗಮನಕ್ಕೇ ಬಂದಿರಲಿಲ್ಲ. ಅಮ್ಮ ಹೋಗಿ ಎರಡು ತಿಂಗಳು. ಅಪ್ಪ ಹೋಗಿದ್ದು 2020ರ ಏಪ್ರಿಲ್‌ನಲ್ಲಿ, ಆಗ ವಿಮಾನವೇ ಇರಲಿಲ್ಲ. ಅಮ್ಮನ ಹೊತ್ತಿಗೆ ವಿಮಾನ ಇತ್ತು. ಮುಂದಿನ ವಾರ ಹೊರಟರಾಯ್ತು ಅಂದುಕೊಂಡವನು ನಾನು.

"ಪರವಾಗಿಲ್ಲ, ಹೇಳು" ಅಂದೆ. ತಟ್ಟೆ ನೋಡಿಕೊಂಡು ಹೇಳಿದಳು, ತಪ್ಪೊಪ್ಪಿಕೊಳ್ಳೋ ಹಾಗೆ. ಹೀಗೆ ಹೇಳಿದರೆ ಒಬ್ಬರೂ ನಗಲ್ಲ, ಇನ್ನೊಂದು ಸಲ ಅಂದೆ. ಮೂರನೇ ಸಲಕ್ಕೆ ಸಾಕ್ಷಾತ್ ದೊಡ್ಡತ್ತೆ. ಇಬ್ಬರಿಗೂ ನಗು ತಡೆಯೋಕಾಗಲಿಲ್ಲ.

'ಹ್ಯಾಂಡ್‌ಬ್ಯಾಗ್' ಅನ್ನೋ ಮಾತಿನದು (ಕೂಸಾಗಿದ್ದಾಗ ಜಾಕ್ ಸಿಕ್ಕಿದ್ದೇ ಅದರಲ್ಲಿ ಅಂತ ಕೇಳಿ ಲೇಡಿ ಬ್ರ್ಯಾಕ್ನೆಲ್ ಉದ್ಗರಿಸೋದು) ಬೇರೆಯೇ ಪಜೀತಿ. ನಟಿ ಈಡಿತ್ ಇವಾನ್ಸ್ ಈ ಪಾತ್ರದಲ್ಲಿ ಎಳೆದ ರಾಗ ಇಲ್ಲಿ ಎಲ್ಲರ ಕಿವಿಯಲ್ಲೂ ಕೂತಿದೆ. ಇವಳಿಗೆ ಪಿಸುಗುಟ್ಟಬೇಕು ಅಂತ ಆಸೆ, ಮೇಷ್ಟ್ರು ಒಪ್ಪಿಲ್ಲ. ನಾನು ಇವಳ ಕಡೆ. ನಾಟಕದಲ್ಲಿ ಬರೋ ಸೌತೆಕಾಯಿ ಸ್ಯಾಂಡ್‌ವಿಚ್‌ನ ಹೊಣೆ ನಮ್ಮ ಮನೆಗೇ ಬಿದ್ದಿದೆ. ಜಾಕ್ ಗೆಳೆಯ ಆಲ್ಜರ್ನನ್ನನ ಪಾತ್ರ ಆಡೋ ಹುಡುಗ ರಿಹರ್ಸಲ್‌ನಲ್ಲೂ ಒಂದೂ ಬಿಡದೆ ತಿಂದು ಮುಗಿಸುತ್ತಾನಂತೆ.

ಬ್ರೆಡ್ ತರೋಕೆ ಹೋದವನು ಸುಮ್ನೆ ಫೋರ್ಬರಿ ಕಡೆಯಿಂದ ಸುತ್ತಿಕೊಂಡು ಬಂದೆ. ಹಳೇ ಜೈಲಿನ ಗೋಡೆ. 1895ರ ಫೆಬ್ರವರಿ 14ಕ್ಕೆ ನಾಟಕದ ಮೊದಲ ಪ್ರದರ್ಶನ, ಆ ನವೆಂಬರಿಗೆ ಬರೆದವನು ಈ ಗೋಡೆಯೊಳಗೆ. ಮರುವರ್ಷ ಫೆಬ್ರವರಿಯಲ್ಲಿ ಅವನ ಅಮ್ಮ ತೀರಿಕೊಂಡರು. ಹೆಂಡತಿ ಇಟಲಿಯಿಂದ ಇಲ್ಲಿಯವರೆಗೆ ಬಂದು ಸುದ್ದಿ ಹೇಳಿದಳು. ಅಪ್ಪ ಮೊದಲೇ ಹೋಗಿದ್ದರು. ತಾನೇ ಬರೆದ ಆ ಲೈನ್ ಅವನಿಗೆ ಆಗ...

ಶುಕ್ರವಾರ ಎಲ್ಲಿ ಕೂರಲಿ ಅಂತ ಕೇಳಿದೆ. ಮುಂದಿನ ಸಾಲು ಮಾತ್ರ ಬೇಡ ಅಂದಳು. ಟಿಕೆಟ್ ನೋಡಿದರೆ ಎರಡನೇ ಸಾಲು, ಮಧ್ಯದಲ್ಲೇ. ಬದಲಾಯಿಸಿಕೊಡ್ತಾರೋ ಏನೋ