ಮಣಿ ಏನು ಹೇಳಿದ?

ಟಿವಿಯಲ್ಲಿ ನೋಡಿದ ಒಂದು ಕತೆಯ ಕೊನೆ ತಿಳಿಯದೆ ನಮ್ಮಮ್ಮ ಹತ್ತಿರ ಹತ್ತಿರ ನಲವತ್ತು ವರ್ಷ ಕಳೆದಿದ್ದಾಳೆ. ದಿನಾ ಅದನ್ನೇ ನೆನೆಸಿಕೊಂಡು ಕೂತಿದ್ದಳು ಅಂತ ಅಲ್ಲ. ನಮ್ಮ ಓದು, ಅಪ್ಪನ ಕಾಯಿಲೆ, ಮದುವೆ, ಬಾಣಂತನ ಎಲ್ಲ ನಡುವೆ ಬಂದು ಹೋದವು. ಆದರೆ ಯಾವಾಗಲೋ ಒಮ್ಮೆ, ಹಪ್ಪಳ ಒಣಗಿಸುವಾಗ, ಬಸ್ಸಿನ ಕಿಟಕಿ ಪಕ್ಕ ಕೂತಾಗ, ಇದ್ದಕ್ಕಿದ್ದಂತೆ ಕೇಳುತ್ತಿದ್ದಳು: "ಅಲ್ವೇ, ಆ ಪೊಲೀಸಿನವರ ಮಗ ಊರು ಬಿಟ್ಟು ಹೋದ್ನಲ್ಲ, ಆಮೇಲೆ ಸ್ವಾಮಿಗೆ ಕಾಗದ ಬರೆದ್ನಾ?"

1986-87ರ ಮಾತು. ನಾವಾಗ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬಾಡಿಗೆಗಿದ್ದೆವು. ಟಿವಿ ಇದ್ದದ್ದು ಮನೆ ಮಾಲೀಕರ ಹಜಾರದಲ್ಲಿ. ದೂರದರ್ಶನದಲ್ಲಿ 'ಮಾಲ್ಗುಡಿ ಡೇಸ್' ಬರುವ ಹೊತ್ತಿಗೆ ಸುತ್ತಲಿನ ನಾಲ್ಕು ಮನೆಯವರು ಅಲ್ಲಿ ಜಮಾಯಿಸುತ್ತಿದ್ದರು. ತೆಗೆದವರು ನಮ್ಮ ಶಂಕರನಾಗ್. ಸ್ವಾಮಿಯಾದವನು ನಮ್ಮ ಮಾಸ್ಟರ್ ಮಂಜುನಾಥ್. ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ತೆಗೆದದ್ದು ನಮ್ಮ ಆಗುಂಬೆಯಲ್ಲಿ. ಎಲ್ಲವೂ ನಮ್ಮದೇ. ಮಾತು ಮಾತ್ರ ಹಿಂದಿ!

ಅಮ್ಮನಿಗೆ ಹಿಂದಿ ಬರುತ್ತಿರಲಿಲ್ಲ. ಮಾಲೀಕರ ಮಗಳು ಹಿಂದಿ ಪರೀಕ್ಷೆ ಕಟ್ಟಿದ್ದಳು. ಅವಳೇ ಎಲ್ಲರಿಗೂ ಬಿಡಿಸಿ ಹೇಳಬೇಕು. ಅವಳು ಒಂದು ಮಾತು ಹೇಳಿ ಮುಗಿಸುವಷ್ಟರಲ್ಲಿ ಅಲ್ಲಿ ಮೂರು ಮಾತು ಮುಗಿದಿರುತ್ತಿತ್ತು. ಅಳು ಬರುವ ಜಾಗ ಬಂದರೆ ಅವಳೂ ಮಾತು ನಿಲ್ಲಿಸಿಬಿಡುತ್ತಿದ್ದಳು. ಹಾಗಾಗಿ ಅಮ್ಮ ನೋಡಿದ ಮಾಲ್ಗುಡಿಯಲ್ಲಿ ಅರ್ಧ ಮುಖ ನೋಡಿ ಊಹಿಸಿದ್ದು.

ಸ್ವಾಮಿಯ ಕತೆ ಮುಗಿಯುವ ದಿನ. ಗೆಳೆಯ ರಾಜಂನ ಅಪ್ಪನಿಗೆ ವರ್ಗವಾಗಿದೆ, ಸಂಸಾರ ರೈಲು ಹತ್ತುತ್ತಿದೆ. ಕ್ರಿಕೆಟ್ ಪಂದ್ಯಕ್ಕೆ ಕೈಕೊಟ್ಟ ಅಂತ ರಾಜಂ ಸ್ವಾಮಿಯ ಹತ್ತಿರ ಮಾತು ಬಿಟ್ಟಿದ್ದಾನೆ. ರೈಲು ಹೊರಡುವ ಹೊತ್ತಿಗೆ ಸರಿಯಾಗಿ ನಮ್ಮ ಕೇರಿಯ ಕರೆಂಟು ಹೋಯಿತು. ಕತ್ತಲಲ್ಲಿ ಎಲ್ಲರೂ ಒಮ್ಮೆಗೇ "ಅಯ್ಯೋ" ಅಂದದ್ದು ನನಗೆ ಇವತ್ತಿಗೂ ನೆನಪಿದೆ. ಮಾಲೀಕರ ಮನೆಯವರು ಲಾಟೀನು ತಂದಿಟ್ಟರು. ಕರೆಂಟು ಬರುವ ಹೊತ್ತಿಗೆ ವಾರ್ತೆ ಬರುತ್ತಿತ್ತು.

ಈಗ ಮೊಬೈಲಿನಲ್ಲೇ ಸಿಗುತ್ತಲ್ಲ ಅಂತ ನೀವು ಕೇಳಬಹುದು. ತೋರಿಸ್ತೀನಿ ಅಂತ ನಾನೂ ಅಂದಿದ್ದೆ. "ಅಷ್ಟು ಸಣ್ಣದರಲ್ಲಿ ನನಗೆ ಕಾಣಲ್ಲ, ಅದೂ ಹಿಂದಿ. ನೀನೇ ನೋಡಿ ಹೇಳು" ಅಂದಿದ್ದಳು. ನೋಡಿ ಹೇಳುವುದು ಇವತ್ತು ನಾಳೆ ಅಂತ ಮುಂದಕ್ಕೆ ಹೋಗುತ್ತಲೇ ಇತ್ತು. ಅದು ನನ್ನ ತಪ್ಪು. ಅಮ್ಮನ ಕಾಲುನೋವಿಗೆ ಕೊಟ್ಟ ಬೆಲೆಯನ್ನು ಅಮ್ಮನ ಪ್ರಶ್ನೆಗೆ ಕೊಟ್ಟಿರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಮಗಳಿಗೆ ಅಂತ ಆರ್. ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' ತಂದೆ. 1935ರಲ್ಲಿ ಬಂದ ಕಾದಂಬರಿ. ಟಿವಿಯಲ್ಲಿ ಬಂದ ಸ್ವಾಮಿಯ ಕತೆಯ ಮೂಲ ಇದೇ. ಮಗಳಿಗಿಂತ ಮೊದಲು ನಾನೇ ಓದಿ ಮುಗಿಸಿದೆ. ಕೊನೆಯ ಪುಟ ಓದುವಾಗ ರಾತ್ರಿ ಹನ್ನೊಂದಾಗಿತ್ತು. ಅಮ್ಮನನ್ನು ಎಬ್ಬಿಸಿ ಹೇಳಿಬಿಡೋಣ ಅನ್ನಿಸಿತು. ಆಮೇಲೆ ಬೇಡ, ಇದನ್ನು ಆ ಸ್ಟೇಷನ್ನಿಗೇ ಕರೆದುಕೊಂಡು ಹೋಗಿ ಹೇಳಬೇಕು ಅಂದುಕೊಂಡೆ.

ಆ ಸ್ಟೇಷನ್ನು ಆಗುಂಬೆಯಲ್ಲಿಲ್ಲ. ಆಗುಂಬೆಗೆ ರೈಲೇ ಇಲ್ಲ. ಮಾಲ್ಗುಡಿ ಸ್ಟೇಷನ್ ಅಂತ ತೋರಿಸಿದ್ದು ಹೊಸನಗರ ತಾಲ್ಲೂಕಿನ ಅರಸಾಳನ್ನು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ಮಾರ್ಗದಲ್ಲಿ ಕುಂಸಿ ದಾಟಿದರೆ ಸಿಗುತ್ತದೆ. ಸ್ವಾಮಿ ಆಗುಂಬೆಯ ದೊಡ್ಡಮನೆಯಿಂದ ಹೊರಟು ಅರಸಾಳಿನಲ್ಲಿ ರೈಲಿನ ಮುಂದೆ ನಿಂತಿರುತ್ತಾನೆ! ಕ್ಯಾಮೆರಾ ನಡುವಿನ ದಾರಿಯನ್ನೆಲ್ಲ ನುಂಗಿಬಿಟ್ಟಿದೆ. ಇದನ್ನು ಹೇಳಿದಾಗ ಅಮ್ಮನಿಗೆ ಬೇಜಾರಾಗಲಿಲ್ಲ. "ಓ, ಅದಕ್ಕೇ ಅಲ್ಲಿ ಮರಗಳು ಬೇರೆ ಥರ ಇದ್ವು" ಅಂದಳು. ಅಷ್ಟು ಕೂತು ನೋಡಿದ್ದಾಳೆ.

ಭಾನುವಾರ ಬೆಳಿಗ್ಗೆ ಹೊರಟೆವು. ನಾನು, ಅಮ್ಮ, ಸೋದರಮಾವ. ಮಾವ ತೀರ್ಥಹಳ್ಳಿ ಕಡೆ ಪೋಸ್ಟ್‌ಮನ್ ಆಗಿದ್ದವರು, ರಿಟೈರ್ ಆಗಿ ಬಹಳ ವರ್ಷವಾಯಿತು. ಆಯನೂರಿನಲ್ಲಿ ತಿಂಡಿ ತಿಂದು ರಿಪ್ಪನ್‌ಪೇಟೆ ರಸ್ತೆ ಹಿಡಿದೆವು. ದಾರಿಯುದ್ದಕ್ಕೂ ಅಕ್ಕ ತಮ್ಮನದ್ದು ಸಿನಿಮಾ ಮಾತೇ. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' ಬಂದದ್ದು 1977ರಲ್ಲಿ. ಅದರಲ್ಲಿ ಬಹಿಷ್ಕಾರ ಹಾಕಿಸಿಕೊಂಡ ವಿಧವೆ ಯಮುನಕ್ಕ ತಲೆ ಬೋಳಿಸಿಕೊಂಡು ಮರದ ಕೆಳಗೆ ಒಬ್ಬಳೇ ಕೂತಿರುತ್ತಾಳೆ. ಅವಳನ್ನು ಹಚ್ಚಿಕೊಂಡಿದ್ದ ಹುಡುಗ ನಾಣಿಯನ್ನು ಅವನ ಅಪ್ಪ ಊರಿಗೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿಗೆ ಸಿನಿಮಾ ಮುಗಿಯಿತು.

"ಆಮೇಲೆ ಅವಳು ಎಲ್ಲಿಗೆ ಹೋದಳು ಮಾರಾಯ? ಊಟಕ್ಕೆ ಏನು ಮಾಡಿದಳು?" ಅಂತ ಅಮ್ಮ.

"ಯಾರಾದ್ರೂ ಕರ್ಕೊಂಡಿರ್ತಾರೆ ಅಕ್ಕ."

"ಯಾರು ಕರ್ಕೊಳ್ತಾರೆ? ಆ ಕಾಲದಲ್ಲಿ?"

ಮಾವ ಸುಮ್ಮನಾದರು. ಕಾಸರವಳ್ಳಿಯವರು ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು. ಆ ಸಿನಿಮಾಕ್ಕೆ ಸ್ವರ್ಣ ಕಮಲ ಬಂತು, ದೊಡ್ಡ ದೊಡ್ಡವರು ಬರೆದರು. ಅಮ್ಮನಿಗೆ ಅದು ಯಾವುದೂ ಲೆಕ್ಕಕ್ಕಿಲ್ಲ. ಅವಳಿಗೆ ಯಮುನಕ್ಕ ಪಕ್ಕದ ಊರಿನ ಹೆಣ್ಣು. ಪಕ್ಕದ ಊರಿನ ಹೆಣ್ಣಿನ ಬಗ್ಗೆ ಕೇಳುವ ಹಾಗೇ ಕೇಳುತ್ತಾಳೆ. ನನಗೆ ಇದು ತುಂಬಾ ಇಷ್ಟ. ಸಿನಿಮಾ ಅರ್ಥವಾಗದವರು ಹೀಗೆ ಕೇಳ್ತಾರೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಚೆನ್ನಾಗಿ ಅರ್ಥವಾದವರೇ ಹೀಗೆ ಕೇಳುವುದು.

ಎಲ್ಲ ಪ್ರಶ್ನೆಯೂ ಹಾಗಿರುವುದಿಲ್ಲ ಬಿಡಿ. ಈಗಿನ ಧಾರಾವಾಹಿಗಳಲ್ಲಿ ಸೊಸೆಯ ಪಾತ್ರದವಳು ಬದಲಾಗುತ್ತಾಳೆ, ಒಂದು ಮಗು ಮೇಲೆ ಮಲಗಲು ಹೋದದ್ದು ಆರು ತಿಂಗಳು ಕೆಳಗೇ ಬರುವುದಿಲ್ಲ. ಅಮ್ಮ ಅದನ್ನೂ ಕೇಳುತ್ತಾಳೆ. ಅದು ಬರೆಯುವವರ ಮರೆವು. ಎರಡು ದಿನ ಬಿಟ್ಟರೆ ಅವಳೂ ಮರೆಯುತ್ತಾಳೆ. ರಾಜಂನನ್ನು ಮರೆಯಲಿಲ್ಲ.

ಅರಸಾಳಿನ ಹಳೇ ಸ್ಟೇಷನ್ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಪುಟ್ಟ ಕಟ್ಟಡ. ಒಳಗೆ ಧಾರಾವಾಹಿಯ ಫೋಟೋಗಳು. ಹೊರಗೆ ಹಳೆಯ ರೈಲು ಬೋಗಿಯನ್ನು ಚಹಾದಂಗಡಿ ಮಾಡಿದ್ದಾರೆ. ನಮ್ಮ ಕಾಲದಲ್ಲಿ ಇಲ್ಲಿ ಮೀಟರ್ ಗೇಜ್ ಹಳಿ ಇತ್ತು. ಆಮೇಲೆ ಒಂದಷ್ಟು ಕಾಲ ರೈಲ್‌ಬಸ್ ಓಡುತ್ತಿತ್ತು. ಈಗ ಅಗಲವಾದ ಬ್ರಾಡ್‌ಗೇಜ್ ಹಳಿ.

ಶಂಕರನಾಗ್ ಫೋಟೋ ಮುಂದೆ ಮಾವ ಬಹಳ ಹೊತ್ತು ನಿಂತರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತವಾಗಿ ಅವರು ತೀರಿಕೊಂಡಾಗ ಅವರಿಗಿನ್ನೂ ಮೂವತ್ತಾರು ತುಂಬಿರಲಿಲ್ಲ. "ಇದ್ದಿದ್ರೆ ಇನ್ನೂ ಏನೇನು ತೆಗೀತಿದ್ದನೋ" ಅಂದರು ಮಾವ. ಅಮ್ಮ ಸೆರಗಿನಿಂದ ಫೋಟೋದ ಗಾಜು ಒರೆಸಿದಳು. ಧೂಳೇನೂ ಇರಲಿಲ್ಲ.

ಪ್ಲಾಟ್‌ಫಾರಂ ಮೇಲಿನ ಬೆಂಚಿನಲ್ಲಿ ಕೂತೆವು. ಅಮ್ಮ ಕೋಡುಬಳೆ ಡಬ್ಬಿ ಬಿಚ್ಚಿದಳು. ಆಗ ಹೇಳಿದೆ.

"ಅಮ್ಮಾ, ರಾಜಂ ಹೊರಟ ದಿನ ಸ್ವಾಮಿ ಅವನಿಗೆ ಕೊಡೋಕೆ ಅಂತ ಒಂದು ಪುಸ್ತಕ ತಂದಿರ್ತಾನೆ. ಮಕ್ಕಳ ಕತೆ ಪುಸ್ತಕ, ಆಂಡರ್ಸನ್ ಅನ್ನೋರದ್ದು. ಅವನ ಅಪ್ಪ ಮದ್ರಾಸಿಂದ ತಂದುಕೊಟ್ಟಿದ್ದು. ಗೊತ್ತಿಲ್ಲದ ಶಬ್ದ ಜಾಸ್ತಿ ಅಂತ ಸ್ವಾಮಿಗೇ ಅದನ್ನ ಓದೋಕಾಗಿರಲ್ಲ. ಅದರಲ್ಲಿ ರಾಜಂ ಹೆಸರು ಬರೆದು ತಂದಿರ್ತಾನೆ. ರೈಲು ಹೊರಡ್ತಾ ಇರುತ್ತೆ. ಅವರಿಬ್ಬರ ಇನ್ನೊಬ್ಬ ಗೆಳೆಯ ಮಣಿನೇ ಆ ಪುಸ್ತಕ ರಾಜಂ ಕೈಗೆ ಮುಟ್ಟಿಸ್ತಾನೆ."

"ಇಸ್ಕೊಂಡ್ನಾ?"

"ಇಸ್ಕೊಂಡ. ಏನೋ ಹೇಳೋಕೆ ಬಾಯಿ ತೆಗೆದ. ಅಷ್ಟರಲ್ಲಿ ರೈಲು ಹೊರಟೇ ಹೋಯ್ತು."

ಅಮ್ಮ ಕೈಯಲ್ಲಿದ್ದ ಕೋಡುಬಳೆಯನ್ನು ಡಬ್ಬಿಗೆ ವಾಪಸ್ ಇಟ್ಟಳು.

"ಆಮೇಲೆ ಸ್ವಾಮಿ ಮಣಿಯನ್ನ ಕೇಳ್ತಾನೆ, ಅವನು ನನಗೆ ಕಾಗದ ಬರೀತಾನಾ, ನನ್ನ ವಿಳಾಸ ಅವನಿಗೆ ಗೊತ್ತಾ ಅಂತ. ಗೊತ್ತಂತೆ ಅಂತ ಮಣಿ ಹೇಳ್ತಾನೆ. ನಿಜವಾ ಸುಳ್ಳಾ ಅಂತ ಸ್ವಾಮಿ ಅವನ ಮುಖಾನೇ ನೋಡ್ತಾನೆ. ಮಣಿ ಮುಖದಲ್ಲಿ ಏನೂ ಗೊತ್ತಾಗಲ್ಲ. ಅಲ್ಲಿಗೆ ಪುಸ್ತಕ ಮುಗೀತು."

"ಅಷ್ಟೇನಾ?"

"ಅಷ್ಟೇ. ಕಾಗದ ಬಂತೋ ಇಲ್ವೋ ಬರೆದವರೇ ಹೇಳಿಲ್ಲ."

ಅಮ್ಮನಿಗೆ ನಿರಾಸೆಯಾಗಬಹುದು ಅಂತ ನನಗೆ ಭಯವಿತ್ತು. ಇಷ್ಟು ವರ್ಷ ಕಾದು, ಕೊನೆಗೆ ಸಿಕ್ಕಿದ್ದೂ ಪ್ರಶ್ನೆಯೇ ಅಲ್ವಾ. ಅವಳು ಹಳಿಯ ಕಡೆ ನೋಡುತ್ತಾ ಸ್ವಲ್ಪ ಹೊತ್ತು ಕೂತಳು. ಆಮೇಲೆ ಹೇಳಿದಳು: "ಮಣಿ ಸುಳ್ಳು ಹೇಳಿದ. ಗೆಳೆಯ ಅಳಬಾರದು ಅಂತ ಹೇಳಿದ. ಒಳ್ಳೇ ಹುಡುಗ."

"ಸುಳ್ಳೇ ಇರಲಿ, ಕಾಗದ ಬಂದಿರಬಹುದು" ಅಂದರು ಮಾವ. "ವಿಳಾಸ ಯಾಕೆ ಬೇಕು? ಸ್ವಾಮಿನಾಥನ್, ಮಾಲ್ಗುಡಿ ಅಂತ ಬರೆದು ಡಬ್ಬಕ್ಕೆ ಹಾಕಿದ್ರೆ ಸಾಕು. ನನ್ನ ಬೀಟ್‌ನಲ್ಲಿ ಬರೀ ಮನೆ ಹೆಸರು, ಊರು ಬರೆದ ಕಾಗದ ಎಷ್ಟು ಬರ್ತಿದ್ವು! 'ಹಳ್ಳದಾಚೆ ಮನೆ ಸುಬ್ಬಣ್ಣನಿಗೆ' ಅಂತ ಬಂದಿದ್ದನ್ನೂ ಮುಟ್ಟಿಸಿದ್ದೀನಿ. ಮಳೆಗಾಲದಲ್ಲಿ ಸಂಕ ದಾಟಿ ಹೋಗಿ ಕೊಟ್ಟಿದ್ದೀನಿ."

ಮಾವನಿಗೆ ಅದೇ ಧಾರಾವಾಹಿಯಲ್ಲಿ ಬೇರೆ ಪ್ರಶ್ನೆ ಇತ್ತು ಅಂತ ನನಗೆ ಗೊತ್ತಾದದ್ದು ಆಗಲೇ. ಅದರಲ್ಲಿ ಒಂದು ಪೋಸ್ಟ್‌ಮನ್ ಕತೆ ಬರುತ್ತದೆ. ತಾಣಪ್ಪ ಅಂತ ಅವನ ಹೆಸರು. ಅವನ ಬೀದಿಯ ಒಂದು ಮನೆಯಲ್ಲಿ ಮಗಳ ಮದುವೆ. ಆ ಮನೆಯ ಹಿರಿಯರೊಬ್ಬರು ತೀರಿಹೋದ ಸುದ್ದಿ ಬರುತ್ತದೆ. ಕೊಟ್ಟರೆ ಮದುವೆ ನಿಲ್ಲುತ್ತದೆ. ತಾಣಪ್ಪ ಅದನ್ನು ತನ್ನ ಹತ್ತಿರವೇ ಇಟ್ಟುಕೊಂಡು, ಮದುವೆಯಾದ ಮೇಲೆ ಕೊಡುತ್ತಾನೆ. ನೀವು ದೂರು ಕೊಟ್ಟರೆ ನನ್ನ ಕೆಲಸ ಹೋಗುತ್ತೆ ಅಂತಾನೆ. ಮನೆಯವರು ದೂರು ಕೊಡುವುದಿಲ್ಲ.

"ಅದನ್ನ ನೋಡೋಕೆ ಎರಡು ವರ್ಷ ಮೊದಲು ನನಗೂ ಹಾಗೇ ಆಗಿತ್ತು" ಅಂದರು ಮಾವ.

ಅಮ್ಮ ತಿರುಗಿ ನೋಡಿದಳು. ಅವಳಿಗೂ ಇದು ಹೊಸದು.

ಒಂದು ಹಳ್ಳಿಮನೆ. ಬೆಳಿಗ್ಗೆ ಒಂಬತ್ತರ ಮುಹೂರ್ತ. ಮಾವ ಹಿಂದಿನ ಸಂಜೆ ಬಂದ ತಂತಿಯನ್ನು ಹಿಡಿದುಕೊಂಡು ಮುಂಜಾನೆಯೇ ಹೊರಟಿದ್ದರು. ತಂತಿ ಅಂದರೆ ತಡ ಮಾಡುವ ಹಾಗಿಲ್ಲ. ಚಪ್ಪರದ ಹೊರಗೆ ಸೈಕಲ್ ಒರಗಿಸಿ ನಿಂತರು. ಒಳಗೆ ಓಲಗ. ಅಡಿಕೆ ಸೋಗೆಯ ಚಪ್ಪರದಿಂದ ಹಿಂದಿನ ರಾತ್ರಿಯ ಮಳೆಹನಿ ಇನ್ನೂ ತೊಟ್ಟಿಕ್ಕುತ್ತಿತ್ತಂತೆ. ತಂತಿ ನೆನೆಯಬಾರದು ಅಂತ ಅಂಗಿಯೊಳಗೆ ಇಟ್ಟುಕೊಂಡಿದ್ದರು. ಯಾರೋ ನೋಡಿ, "ಪೋಸ್ಟಣ್ಣ ಬಂದ್ರು, ಆಸರಿಗೆ ಕೊಡಿ" ಅಂತ ಪಾನಕ ತಂದುಕೊಟ್ಟರು.

"ಪಾನಕ ಕುಡಿದೆ. ಕುಡಿದು ತಂತಿ ಕೊಟ್ಟೆ" ಅಂದರು ಮಾವ. "ಹುಡುಗಿಯ ಅಜ್ಜ ಬೊಂಬಾಯಿಯಲ್ಲಿ ಮಗನ ಮನೇಲಿ ಹೋಗಿಬಿಟ್ಟಿದ್ರು. ಓಲಗ ನಿಂತಿತು. ಆ ಸಂಬಂಧ ಮತ್ತೆ ಕೂಡಲಿಲ್ಲ. ಅಪಶಕುನ ಅಂದರು."

"ಹುಡುಗಿ?" ಅಂದಳು ಅಮ್ಮ.

"ಎರಡು ವರ್ಷ ಬಿಟ್ಟು ಬೇರೆ ಕಡೆ ಆಯ್ತು. ಚೆನ್ನಾಗಿದ್ದಾಳೆ, ಮೊಮ್ಮಕ್ಕಳಾಗಿದ್ದಾರೆ. ಅದಲ್ಲ ಅಕ್ಕ. ಟಿವಿಯಲ್ಲಿ ತಾಣಪ್ಪನ್ನ ನೋಡೋ ತನಕ ನನಗೆ ಅದು ಹೊಳೆದೇ ಇರಲಿಲ್ಲ. ಮೂರು ಗಂಟೆ ಕಾಲ ಅಂಗಿಯೊಳಗೇ ಇಟ್ಕೋಬಹುದಿತ್ತು ಅಂತ. ಅವನು ಮಾಡಿದ್ದು ಸರಿಯಾ, ನಾನು ಮಾಡಿದ್ದು ಸರಿಯಾ?"

ದೇಶದಲ್ಲಿ ತಂತಿ ಸೇವೆಯೇ 2013ರ ಜುಲೈನಲ್ಲಿ ನಿಂತುಹೋಯಿತು. ಮಾವನ ಅಂಗಿಯೊಳಗೆ ಆ ತಂತಿ ಇನ್ನೂ ಇದೆ ಅನ್ನಿಸಿತು ನನಗೆ. ಅಷ್ಟು ಮೆಲ್ಲಗೆ ಅವರು ಎದೆ ಮುಟ್ಟಿಕೊಂಡರು.

"ನೀನು ಮಾಡಿದ್ದೇ ಸರಿ" ಅಂದಳು ಅಮ್ಮ. "ಬೊಂಬಾಯಿಯಲ್ಲಿ ಹೆಣ ಇಟ್ಕೊಂಡು ಕೂತಿದ್ದವರೂ ಮನುಷ್ಯರೇ ಅಲ್ವಾ."

"ಹಂಗಂದ್ರೆ ತಾಣಪ್ಪ ತಪ್ಪಾ?"

ಅಮ್ಮ ಯೋಚನೆ ಮಾಡಿದಳು. "ತಾಣಪ್ಪನೂ ತಪ್ಪಲ್ಲ" ಅಂದಳು.

ಮಾವನಿಗೆ ಇದರಿಂದ ಸಮಾಧಾನವಾಯಿತೋ ಇಲ್ಲವೋ ನಾನು ಹೇಳಲಾರೆ. ಅವರು ಎದ್ದು ಬೋಗಿಯ ಅಂಗಡಿಯಿಂದ ಮೂರು ಚಹಾ ತಂದರು. ಇಷ್ಟು ವರ್ಷ ಹೆಂಡತಿಗೂ ಹೇಳದ ಮಾತನ್ನು ಈ ಬೆಂಚಿನ ಮೇಲೆ ಹೇಳಿದರು. ತಾಣಪ್ಪನನ್ನು ನೋಡದೆ ಹೋಗಿದ್ದರೆ ಅದನ್ನು ಯಾವತ್ತೂ ಹೇಳುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ಚಹಾ ಮುಗಿಯುವಾಗ ತಾಳಗುಪ್ಪದ ಕಡೆಯಿಂದ ರೈಲು ಬಂತು. ಅಮ್ಮ ಎದ್ದು ನಿಂತಳು. ಮಂಡಿನೋವು ಮರೆತು ಪ್ಲಾಟ್‌ಫಾರಂ ಉದ್ದಕ್ಕೂ ನಾಲ್ಕು ಹೆಜ್ಜೆ ನಡೆದಳು. ಕಿಟಕಿಯಲ್ಲಿ ಕೂತಿದ್ದ ಯಾವುದೋ ಹುಡುಗ ಕೈ ಬೀಸಿದ. ಅಮ್ಮನೂ ಬೀಸಿದಳು. ಕೊನೆಯ ಬೋಗಿ ಕಾಡಿನ ತಿರುವಿನಲ್ಲಿ ಮರೆಯಾಗುವ ತನಕ ಅಲ್ಲೇ ನಿಂತಿದ್ದಳು.

ವಾಪಸ್ ಬರುವಾಗ ಕಾರಿನಲ್ಲಿ ಅಮ್ಮ ನಿದ್ದೆ ಮಾಡಿದ್ದಾಳೆ ಅಂದುಕೊಂಡಿದ್ದೆ. ಸೂಡೂರು ದಾಟಿದ ಮೇಲೆ ಹಿಂದಿನ ಸೀಟಿನಿಂದ ದನಿ ಬಂತು.

"ಅಲ್ವೇ, ಸ್ವಾಮಿಗೇ ಓದೋಕಾಗದ ಪುಸ್ತಕ ಅದು. ರಾಜಂ ಅದನ್ನ ಓದಿದ್ನಾ?"

"ಓದಿರ್ತಾನೆ ಅಕ್ಕ. ಅವನು ಇಂಗ್ಲಿಷಿನಲ್ಲಿ ಚುರುಕಿದ್ದ" ಅಂದರು ಮಾವ.

"ಓದಿದ್ರೆ ಬರೆದೂ ಇರ್ತಾನೆ" ಅಂದಳು ಅಮ್ಮ.